ಗೈಸ್ ಎಂದರೆ ಯಾರೆಲ್ಲ?

ಇಂದಿನ ಮಕ್ಕಳ ನಾಲಿಗೆಯಲ್ಲಿ ಕೆಲವು ಇಂಗ್ಲಿಷ್ ಪದಗಳು ಎಷ್ಟು ಸಲೀಸಾಗಿ ಓಡಾಡುತ್ತಿವೆಯೆಂದರೆ, ಅವು ಹೊರಗಿನಿಂದ ಬಂದವು ಎಂಬ ಅರಿವೂ ಅವರಿಗಿರುವುದಿಲ್ಲ. ‘ಗೈಸ್’ ಅಂಥದೊಂದು ಪದ. ಮೊಬೈಲಿನಲ್ಲಿ ಮೀನಿನ ಸಾರು ಮಾಡಿ ತೋರಿಸುವ ಗೃಹಿಣಿ ‘ಹಾಯ್ ಗೈಸ್’ ಎನ್ನುತ್ತಾಳೆ. ಬೈಕಿನಲ್ಲಿ ಆಗುಂಬೆ ಘಾಟಿ ಹತ್ತುವ ಯುವಕನೂ ‘ಹಾಯ್ ಗೈಸ್’ ಎಂದೇ ಮಾತು ಆರಂಭಿಸುತ್ತಾನೆ. ಇದನ್ನೆಲ್ಲ ನೋಡುವ ಐದು ವರ್ಷದ ಮಗು ತನ್ನ ಆಟಿಕೆಗಳನ್ನು ಸಾಲಾಗಿ ನಿಲ್ಲಿಸಿ, ‘ಗೈಸ್, ಎಲ್ರೂ ಕೇಳಿ’ ಎಂದು ಭಾಷಣ ಬಿಗಿಯುತ್ತದೆ. ಅಜ್ಜಿ ಮಾತ್ರ, ‘ಅದು ಯಾವ ಗೈಸ್ ಮಾರಾಯ, ಗ್ಯಾಸ್ ಖಾಲಿಯಾಯಿತಾ?’ ಎಂದು ಅಡುಗೆಮನೆಯತ್ತ ನೋಡುತ್ತಾರೆ.

ನಾನು ಬೆಳಿಗ್ಗೆ ಮದ್ರಸದಲ್ಲಿ ಮಕ್ಕಳಿಗೆ ಅರಬಿ ವ್ಯಾಕರಣ ಕಲಿಸುತ್ತೇನೆ. ಹಗಲಲ್ಲಿ ಶಾಲೆಯೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಹೀಗೆ ಎರಡು ಭಾಷೆಗಳ ನಡುವೆ ದಿನ ಕಳೆಯುವವನಿಗೆ ಪದಗಳ ಊರು, ಮನೆತನ ವಿಚಾರಿಸುವ ಚಟ ಅಂಟಿಕೊಳ್ಳುವುದು ಸಹಜ. ಆದರೂ ‘ಗೈಸ್’ ಎಂಬ ಬೀದಿಮಾತಿನ ಬಗ್ಗೆ ನಾನು ಗಂಭೀರವಾಗಿ ಯೋಚಿಸುವಂತೆ ಮಾಡಿದ್ದು ಯಾವ ಪುಸ್ತಕವೂ ಅಲ್ಲ, ಒಂಬತ್ತನೇ ತರಗತಿಯ ಒಬ್ಬ ಹುಡುಗಿ.

ಶಾಲೆಯಲ್ಲಿ ರಸಪ್ರಶ್ನೆ ತಂಡದ ಆಯ್ಕೆ ನಡೆಯಬೇಕಿತ್ತು. ತರಗತಿಯ ಲೀಡರ್ ಹುಡುಗ ಎದ್ದು ನಿಂತು, ‘ಗೈಸ್, ಕ್ವಿಜ್‌ಗೆ ಸೇರುವವರು ಊಟದ ಬಳಿಕ ಲೈಬ್ರರಿಗೆ ಬನ್ನಿ’ ಎಂದು ಸಾರಿದ್ದ. ಹನ್ನೊಂದು ಹುಡುಗರು ಬಂದರು. ಒಬ್ಬಳೇ ಒಬ್ಬಳು ಹುಡುಗಿಯೂ ಬರಲಿಲ್ಲ. ಹುಡುಗಿಯರಿಗೆ ಆಸಕ್ತಿ ಇಲ್ಲ ಎಂದು ಆಯ್ಕೆ ನಡೆಸಿದವರು ಭಾವಿಸಿದರು. ಮರುದಿನ ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನ ಆ ಹುಡುಗಿ ಎದ್ದು ನಿಂತು ಕೇಳಿದಳು: ‘ಸರ್, ನಾವೂ ಗೈಸಾ?’

ತರಗತಿಯಲ್ಲಿ ನಗುವೆದ್ದಿತು. ಲೀಡರ್ ಹುಡುಗ ಮಾತ್ರ ನಗಲಿಲ್ಲ. ‘ಗೈಸ್ ಅಂದ್ರೆ ಎಲ್ರೂ ಸರ್. ನಾನು ಎಲ್ರನ್ನೂ ಕರ್ದಿದ್ದೆ’ ಎಂದ. ಅವನ ಮುಖದಲ್ಲಿ ಕಪಟವಿರಲಿಲ್ಲ. ಹುಡುಗಿ ಕೂಡಲೇ, ‘ಹಾಗಾದ್ರೆ ದಟ್ ಗೈ ಅಂದ್ರೆ ಹುಡುಗಿ ಅಂತನೂ ಆಗುತ್ತಾ?’ ಎಂದು ಮರುಪ್ರಶ್ನೆ ಹಾಕಿದಳು. ಅವನ ಬಳಿ ಉತ್ತರವಿರಲಿಲ್ಲ.

ನಿಜ ಹೇಳಬೇಕೆಂದರೆ ಇಬ್ಬರೂ ಸರಿಯೇ. ‘ಗೈ’ ಎಂದು ಏಕವಚನದಲ್ಲಿ ಹೇಳಿದರೆ ಇಂಗ್ಲಿಷ್ ಮಾತನಾಡುವವನ ಕಣ್ಣ ಮುಂದೆ ಬರುವುದು ಗಂಡಸೇ. ‘ಇಬ್ಬರು ಗೈಸ್ ಬಾಗಿಲ ಬಳಿ ನಿಂತಿದ್ದಾರೆ’ ಎಂದರೂ ನಾವು ಊಹಿಸುವುದು ಇಬ್ಬರು ಗಂಡಸರನ್ನೇ. ಆದರೆ ಒಂದು ಗುಂಪಿನ ಕಡೆ ತಿರುಗಿ ‘ಯೂ ಗೈಸ್’ ಎಂದರೆ ಅದರಲ್ಲಿ ಹೆಂಗಸರೂ ಸೇರುತ್ತಾರೆ. ಹೆಂಗಸರೇ ಇರುವ ಗುಂಪಿನಲ್ಲಿ ಹೆಂಗಸರೇ ಪರಸ್ಪರ ಹಾಗೆ ಕರೆದುಕೊಳ್ಳುತ್ತಾರೆ. ಬೇರೆಯವರ ಬಗ್ಗೆ ಮಾತನಾಡುವಾಗ ಗಂಡು, ಎದುರಿಗಿರುವವರನ್ನು ಕರೆಯುವಾಗ ಎಲ್ಲರೂ! ಒಂದೇ ಪದಕ್ಕೆ ಈ ಎರಡು ಮುಖ ಹೇಗೆ ಬಂತು? ಇದನ್ನು ತಿಳಿಯಲು ನಾವು ನಾಲ್ಕು ಶತಮಾನಗಳ ಹಿಂದಿನ ಲಂಡನ್ನಿಗೆ ಹೋಗಬೇಕು.

‘ಗೈ’ ಎಂಬುದು ಮೂಲತಃ ಒಂದು ಹೆಸರು. ಇಟಲಿಯವರ ಗಿಡೋ ಇದರದ್ದೇ ಇನ್ನೊಂದು ರೂಪ. 1570ರಲ್ಲಿ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಹುಟ್ಟಿದ ಒಬ್ಬ ಮಗುವಿಗೆ ಈ ಹೆಸರಿಟ್ಟರು. ಅವನೇ ಗೈ ಫಾಕ್ಸ್. ಆಗ ಇಂಗ್ಲೆಂಡಿನಲ್ಲಿ ಪ್ರೊಟೆಸ್ಟೆಂಟರ ಆಡಳಿತವಿತ್ತು. ಕ್ಯಾಥೊಲಿಕರು ಬಹಿರಂಗವಾಗಿ ಆರಾಧನೆ ನಡೆಸುವಂತಿರಲಿಲ್ಲ. ಸರಕಾರಿ ಚರ್ಚಿಗೆ ಹೋಗದಿದ್ದರೆ ದಂಡ ತೆರಬೇಕಿತ್ತು. ಫಾಕ್ಸ್ ಕ್ಯಾಥೊಲಿಕನಾಗಿ ಸ್ಪೇನಿನ ಸೈನ್ಯ ಸೇರಿದ. ಅಲ್ಲಿ ಸಿಡಿಮದ್ದಿನ ಕೆಲಸದಲ್ಲಿ ಪಳಗಿದ. ಮುಂದೆ ರಾಬರ್ಟ್ ಕೇಟ್ಸ್‌ಬಿ ಎಂಬಾತನ ನೇತೃತ್ವದಲ್ಲಿ ಹದಿಮೂರು ಮಂದಿ ಒಂದು ಘೋರ ಸಂಚು ಹೂಡಿದರು. ಸಂಸತ್ತಿನ ಉದ್ಘಾಟನೆಯ ದಿನ ಇಡೀ ಸಭೆಯನ್ನೇ, ರಾಜ ಒಂದನೇ ಜೇಮ್ಸ್ ಸಹಿತ ಸ್ಫೋಟಿಸುವುದು ಅವರ ಯೋಜನೆ. ಅದಕ್ಕಾಗಿ ಸಭಾಂಗಣದ ಕೆಳಗಿನ ಕೋಣೆಯಲ್ಲಿ 36 ಪೀಪಾಯಿ ಮದ್ದಿನಪುಡಿಯನ್ನು ಸೌದೆಯಡಿ ಬಚ್ಚಿಟ್ಟರು. ಕಾವಲಿಗೆ ನಿಂತವನು ಗೈ ಫಾಕ್ಸ್.

ಸಂಚಿನ ಸುಳಿವು ಒಂದು ಅನಾಮಧೇಯ ಪತ್ರದ ಮೂಲಕ ಹೊರಬಿತ್ತು. 1605ರ ನವೆಂಬರ್ 4ರ ರಾತ್ರಿ ಕಳೆದು 5 ಆರಂಭವಾಗುವ ಹೊತ್ತಿಗೆ ಫಾಕ್ಸ್ ಸಿಕ್ಕಿಬಿದ್ದ. ತನ್ನ ಹೆಸರು ಜಾನ್ ಜಾನ್ಸನ್ ಎಂದು ಸುಳ್ಳು ಹೇಳಿದ. ಚಿತ್ರಹಿಂಸೆಯ ಬಳಿಕ ನಿಜ ಬಾಯಿಬಿಟ್ಟ. 1606ರ ಜನವರಿ 31ರಂದು ಅವನನ್ನು ಮರಣದಂಡನೆಗೆ ಒಯ್ಯಲಾಯಿತು.

ನಿರಪರಾಧಿಗಳನ್ನು ಕೊಲ್ಲಲು ಹೊರಟವರಿಗೆ ಶಿಕ್ಷೆಯಾಯಿತು ಎಂಬಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಸಂಚು ಹೂಡಿದವರು ಹದಿಮೂರು ಮಂದಿ. ಆದರೆ ಅದರ ಬೆಲೆ ತೆತ್ತವರು ಇಂಗ್ಲೆಂಡಿನ ಎಲ್ಲ ಕ್ಯಾಥೊಲಿಕರು. ಅವರು ರಾಜನಿಷ್ಠೆಯ ಪ್ರಮಾಣ ಮಾಡಬೇಕೆಂಬ ಕಾನೂನು ಬಂತು. ಸರಕಾರಿ ಚರ್ಚಿಗೆ ಬಾರದ ಕ್ಯಾಥೊಲಿಕರು ವಕೀಲರಾಗಬಾರದು, ವೈದ್ಯರಾಗಬಾರದು ಎಂದಾಯಿತು. ಸಂಚಿನ ವಿಷಯವೇ ತಿಳಿಯದಿದ್ದ ರೈತನೂ, ನೇಕಾರನೂ, ವಿಧವೆಯೂ ನೆರೆಹೊರೆಯವರ ಕಣ್ಣಿನಲ್ಲಿ ಸಂಶಯಿತರಾದರು. ಕ್ಯಾಥೊಲಿಕರು ಮತ್ತೆ ಸಂಸತ್ತಿನಲ್ಲಿ ಕುಳಿತುಕೊಳ್ಳಲು 1829ರವರೆಗೆ ಕಾಯಬೇಕಾಯಿತು. ಕೆಲವರ ಅಪರಾಧಕ್ಕೆ ಒಂದಿಡೀ ಸಮುದಾಯ ತಲೆಮಾರುಗಳ ಕಾಲ ಉತ್ತರ ಕೊಡುತ್ತಾ ಬದುಕುವುದು ಎಂದರೇನು ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನವೆಂಬರ್ 5 ಅನ್ನು ಕೃತಜ್ಞತಾ ದಿನವಾಗಿ ಆಚರಿಸಬೇಕೆಂದು ಸಂಸತ್ತು ಕಾನೂನು ಮಾಡಿತು. ಅದು ರದ್ದಾದದ್ದು 1859ರಲ್ಲಿ. ಅಷ್ಟು ಕಾಲವೂ ಆ ರಾತ್ರಿ ಬೆಂಕಿ ಹಾಕುವುದು, ಗಂಟೆ ಬಾರಿಸುವುದು, ಪ್ರತಿಕೃತಿ ಸುಡುವುದು ನಡೆದೇ ಇತ್ತು. ಮೊದಮೊದಲು ಪೋಪರ ಪ್ರತಿಕೃತಿಯನ್ನು ಸುಡುತ್ತಿದ್ದರು. ಕ್ರಮೇಣ ಗೈ ಫಾಕ್ಸನ ಪ್ರತಿಕೃತಿ ಮುಖ್ಯವಾಯಿತು. ಮಕ್ಕಳು ಹಳೆಯ ಬಟ್ಟೆಗೆ ಹುಲ್ಲು ತುಂಬಿ, ಹರಕು ಟೋಪಿ ಇಟ್ಟು, ಆ ಗೊಂಬೆಯನ್ನು ಬೀದಿಯಲ್ಲಿ ಎಳೆದುಕೊಂಡು ಹೋಗಿ, ‘ಗೈಗೆ ಒಂದು ಪೆನ್ನಿ ಕೊಡಿ’ ಎಂದು ಚಿಲ್ಲರೆ ಸಂಗ್ರಹಿಸುತ್ತಿದ್ದರು. ಅವನು ಓದಿದ ಯಾರ್ಕಿನ ಸೇಂಟ್ ಪೀಟರ್ಸ್ ಶಾಲೆಯಲ್ಲಿ ಮಾತ್ರ ಪ್ರತಿಕೃತಿ ಸುಡುವುದಿಲ್ಲವಂತೆ. ಎಷ್ಟಾದರೂ ಹಳೆ ವಿದ್ಯಾರ್ಥಿಯಲ್ಲವೇ!

ಇಲ್ಲಿಂದ ಪದದ ಪ್ರಯಾಣ ಶುರುವಾಯಿತು. 19ನೇ ಶತಮಾನದ ಆರಂಭಕ್ಕೆ ‘ಗೈ’ ಎಂದರೆ ಸುಡುವ ಗೊಂಬೆ ಎಂಬ ಅರ್ಥ ನೆಲೆಯಾಗಿತ್ತು. 1830ರ ದಶಕದಲ್ಲಿ ಆ ಗೊಂಬೆಯ ಹಾಗೆ ವಿಚಿತ್ರ ವೇಷ ತೊಟ್ಟ, ನೋಡಿದರೆ ನಗು ಬರುವ ಮನುಷ್ಯನನ್ನೂ ಹಾಗೆ ಕರೆಯತೊಡಗಿದರು. ಅಂದರೆ ಆಗ ಅದು ಬೈಗುಳ. ಶತಮಾನದ ಮಧ್ಯಭಾಗದಲ್ಲಿ ಅಮೇರಿಕದಲ್ಲಿ ಆ ಪದದ ಕಹಿ ಕಳೆದುಹೋಯಿತು. ಅಲ್ಲಿನವರಿಗೆ ಲಂಡನ್ನಿನ ಹಳೆಯ ದ್ವೇಷದ ನೆನಪು ಅಷ್ಟಿರಲಿಲ್ಲ. ಅವರಿಗೆ ‘ಗೈ’ ಎಂದರೆ ಬರೀ ಒಬ್ಬ ಆಸಾಮಿ, ಒಬ್ಬ ಮನುಷ್ಯ. ಒಳ್ಳೆಯವನಾದರೆ ಗುಡ್ ಗೈ, ಕೇಡಿಗನಾದರೆ ಬ್ಯಾಡ್ ಗೈ, ಅತಿ ಬುದ್ಧಿವಂತಿಕೆ ತೋರಿಸಿದರೆ ವೈಸ್ ಗೈ, ಇತರರ ತಪ್ಪನ್ನು ತಲೆಯ ಮೇಲೆ ಹೊತ್ತವನಾದರೆ ಫಾಲ್ ಗೈ. ಡೇರೆಯ ಹಗ್ಗಕ್ಕೂ ಇಂಗ್ಲಿಷಿನಲ್ಲಿ ‘ಗೈ’ ಎನ್ನುತ್ತಾರೆ. ಆದರೆ ಅದು ದಾರಿ ತೋರುವುದು ಎಂಬರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಎರಡಕ್ಕೂ ಸಂಬಂಧವಿಲ್ಲ.

ಇಷ್ಟಾದರೂ ‘ಗೈ’ ಗಂಡಸೇ ಆಗಿದ್ದ. 1950ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದ ಪ್ರಸಿದ್ಧ ಸಂಗೀತ ನಾಟಕದ ಹೆಸರು ‘ಗೈಸ್ ಆ್ಯಂಡ್ ಡಾಲ್ಸ್’. ಗಂಡಸರು ಗೈಸ್, ಹೆಂಗಸರು ಡಾಲ್ಸ್, ಅಂದರೆ ಗೊಂಬೆಗಳು! ನಂತರದ ದಶಕಗಳಲ್ಲಿ ಮಾತ್ರ ‘ಯೂ ಗೈಸ್’ ಎಂಬುದು ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಹಬ್ಬಿತು. 1971ರಲ್ಲಿ ಅಮೇರಿಕದ ಟಿವಿಯಲ್ಲಿ ಆರಂಭವಾದ ‘ದಿ ಇಲೆಕ್ಟ್ರಿಕ್ ಕಂಪೆನಿ’ ಎಂಬ ಮಕ್ಕಳ ಕಾರ್ಯಕ್ರಮದಲ್ಲಿ ನಟಿ ರೀಟಾ ಮೊರೆನೊ ‘ಹೇ ಯೂ ಗೈಸ್’ ಎಂದು ಗಟ್ಟಿಯಾಗಿ ಕೂಗುತ್ತಿದ್ದರು. ಕೂಗಿದ್ದು ಹೆಣ್ಣು, ಕೇಳಿದ್ದು ಹುಡುಗರು ಹುಡುಗಿಯರು ಎಲ್ಲರೂ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಂಗ್ಲಿಷಿನವರಿಗೆ ಈ ಪದದ ಅಗತ್ಯವಾದರೂ ಏನಿತ್ತು? ಉತ್ತರ ಅವರ ವ್ಯಾಕರಣದಲ್ಲಿದೆ. ನಮ್ಮ ಕನ್ನಡದಲ್ಲಿ ಒಬ್ಬನಿಗೆ ‘ನೀನು’, ಹಲವರಿಗೆ ‘ನೀವು’. ಗೌರವ ಕೊಡಬೇಕಾದರೆ ಒಬ್ಬರಿಗೂ ‘ನೀವು’. ಇಂಗ್ಲಿಷಿನಲ್ಲೂ ಹಿಂದೆ ಹೀಗೆಯೇ ಇತ್ತು. ‘ದೌ’ ಎಂದರೆ ನೀನು, ‘ಯೂ’ ಎಂದರೆ ನೀವು. ಗೌರವ ಕೊಡುವ ಭರದಲ್ಲಿ ಎಲ್ಲರಿಗೂ ‘ಯೂ’ ಎನ್ನುತ್ತಾ ಹೋಗಿ, ‘ದೌ’ ದಿನಬಳಕೆಯಿಂದಲೇ ಮಾಯವಾಯಿತು. 17ನೇ ಶತಮಾನದಲ್ಲಿ ಕ್ವೇಕರ್ ಪಂಥದವರು ಮಾತ್ರ, ದೇವರ ಮುಂದೆ ಎಲ್ಲರೂ ಸಮಾನರೆಂದು ಹೇಳಿ ನ್ಯಾಯಾಧೀಶನಿಗೂ ‘ದೌ’ ಎಂದೇ ಹೇಳಿ ಪೆಟ್ಟು ತಿಂದರು. ‘ನೀನು’ ಹೋದ ಮೇಲೆ ‘ಯೂ’ ಎಂದರೆ ಒಬ್ಬರೋ ಹತ್ತು ಮಂದಿಯೋ ತಿಳಿಯದಾಯಿತು. ಆ ಕೊರತೆ ತುಂಬಲು ಜನರು ತಮಗೆ ತೋಚಿದ ದಾರಿ ಹಿಡಿದರು. ಅಮೇರಿಕದ ದಕ್ಷಿಣ ಭಾಗದವರು ‘ಯಾಲ್’ ಎಂದರು. ಐರ್ಲೆಂಡ್, ಲಿವರ್‌ಪೂಲ್ ಕಡೆಯವರು ‘ಯೂಸ್’ ಎಂದರು. ಉಳಿದ ಅಮೇರಿಕದಲ್ಲಿ ‘ಯೂ ಗೈಸ್’ ಗೆದ್ದಿತು. ಅಂದರೆ ಅದು ನಮ್ಮ ‘ನೀವೆಲ್ಲ’ ಎಂಬ ಪದ ಮಾಡುವ ಕೆಲಸವನ್ನೇ ಮಾಡುತ್ತಿದೆ. ಲೀಡರ್ ಹುಡುಗನ ಮನಸ್ಸಿನಲ್ಲಿದ್ದದ್ದು ಈ ‘ನೀವೆಲ್ಲ’. ಹುಡುಗಿಯ ಕಿವಿಗೆ ಬಿದ್ದದ್ದು ಆ ಹಳೆಯ ಗಂಡು ‘ಗೈ’.

ಮದ್ರಸದಲ್ಲಿ ಓದಿದವರಿಗೆ ಈ ತೊಡಕು ಹೊಸತಲ್ಲ. ಎದುರಿನವರನ್ನು ಕರೆಯಲು ಅರಬಿಯಲ್ಲಿ ಎಷ್ಟು ರೂಪಗಳಿವೆ ನೋಡಿ. ಒಬ್ಬ ಗಂಡಿಗೆ ಅನ್‌ತ, ಒಬ್ಬ ಹೆಣ್ಣಿಗೆ ಅನ್‌ತಿ, ಇಬ್ಬರಿಗೆ ಅನ್‌ತುಮಾ, ಹಲವು ಗಂಡಸರಿಗೆ ಅನ್‌ತುಮ್, ಹಲವು ಹೆಂಗಸರಿಗೆ ಅನ್‌ತುನ್ನ. ಬಾಲ್ಯದಲ್ಲಿ ಇವನ್ನು ತಲೆಯಾಡಿಸುತ್ತಾ ಬಾಯಿಪಾಠ ಮಾಡಿದ್ದು ಈಗಲೂ ನೆನಪಿದೆ. ಇಷ್ಟೆಲ್ಲ ಇದ್ದೂ ಗಂಡಸರು ಹೆಂಗಸರು ಕೂಡಿರುವ ಸಭೆಗೆ ಏನೆನ್ನಬೇಕು? ವ್ಯಾಕರಣದ ಪ್ರಕಾರ ಅನ್‌ತುಮ್. ಗಂಡು ರೂಪವೇ ಎಲ್ಲರನ್ನೂ ಒಳಗೊಳ್ಳುತ್ತದೆ. ನೂರು ಹೆಂಗಸರ ನಡುವೆ ಒಬ್ಬ ಗಂಡಸಿದ್ದರೂ ಅನ್‌ತುಮ್. ಅದರಲ್ಲಿ ಹೆಂಗಸರೂ ಇದ್ದಾರೆಂಬುದು ನಿಯಮ. ಆದರೆ ಕೇಳುವ ಹೆಣ್ಣಿನ ಮನಸ್ಸಿಗೆ ಆ ನಿಯಮ ಸಾಕೇ?

ಸಾಕಾಗದೆ ಕೇಳಿದ ಒಬ್ಬ ಮಹಿಳೆಯನ್ನು ನಾವೆಲ್ಲ ಬಲ್ಲೆವು. ಪ್ರವಾದಿ(ಸ)ರ ಪತ್ನಿ ಉಮ್ಮು ಸಲಮಾ(ರ) ಪ್ರವಾದಿವರ್ಯರೊಡನೆ, ಕುರ್‌ಆನಿನಲ್ಲಿ ಪುರುಷರ ಪ್ರಸ್ತಾಪ ಬರುವಂತೆ ನಮ್ಮ ಪ್ರಸ್ತಾಪ ಯಾಕೆ ಬರುವುದಿಲ್ಲ ಎಂದು ವಿಚಾರಿಸಿದ್ದನ್ನು ಹದೀಸ್ ಗ್ರಂಥಗಳು ದಾಖಲಿಸಿವೆ. ಅರಬಿ ಅವರ ತಾಯಿಭಾಷೆ. ಬಹುವಚನದ ಗಂಡು ರೂಪದಲ್ಲಿ ತಾವೂ ಸೇರಿದ್ದೇವೆಂಬುದು ಅವರಿಗೆ ಯಾವ ವ್ಯಾಕರಣ ಪಂಡಿತನೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಕೇಳಿದರು. ಅವರನ್ನು ಯಾರೂ ನಗಲಿಲ್ಲ, ಗದರಲಿಲ್ಲ, ‘ಅದರಲ್ಲೇ ನೀವೂ ಇದ್ದೀರಲ್ಲ’ ಎಂದು ಕುಳ್ಳಿರಿಸಲಿಲ್ಲ. ಆ ಪ್ರಶ್ನೆಯ ಬಳಿಕ ಅವತೀರ್ಣವಾದದ್ದು ಸೂರಾ ಅಲ್ ಅಹ್‌ಝಾಬ್‌ನ 35ನೇ ಸೂಕ್ತ. ಅದರಲ್ಲಿ ವಿಶ್ವಾಸ, ಸತ್ಯ, ಸಹನೆ, ದಾನ, ಉಪವಾಸ ಮುಂತಾದ ಹತ್ತು ಗುಣಗಳ ಕುರಿತು ಗಂಡಸರನ್ನೂ ಹೆಂಗಸರನ್ನೂ ಜೊತೆಜೊತೆಯಾಗಿ ಹೆಸರಿಸಲಾಗಿದೆ. ಹಿಂದಿನ ಬೆಂಚಿನಿಂದ ಬಂದ ‘ನಾವೂ ಗೈಸಾ?’ ಎಂಬ ಪ್ರಶ್ನೆಗೆ ನಾನು ತರಗತಿಯಲ್ಲಿ ಈ ಘಟನೆಯನ್ನೇ ಹೇಳಿದೆ. ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಬಹಳ ದೊಡ್ಡವರು ಕೇಳಿದ ಪ್ರಶ್ನೆಯಿದು ಎಂದೆ. ನಗು ನಿಂತಿತ್ತು. ರಸಪ್ರಶ್ನೆಯ ಆಯ್ಕೆಯೂ ಇನ್ನೊಮ್ಮೆ ನಡೆಯಿತು. ಈ ಬಾರಿ ಲೀಡರ್ ಹುಡುಗ ತಾನಾಗಿಯೇ, ‘ಬಾಯ್ಸ್ ಆ್ಯಂಡ್ ಗರ್ಲ್ಸ್, ಎಲ್ರೂ’ ಎಂದು ಒತ್ತಿ ಹೇಳಿದ. ಒಂಬತ್ತು ಹುಡುಗಿಯರು ಬಂದರು. ತಂಡಕ್ಕೆ ಆಯ್ಕೆಯಾದ ನಾಲ್ವರಲ್ಲಿ ಇಬ್ಬರು ಅವರೇ. ಒಂದು ಪದ ಅಷ್ಟು ಮಂದಿಯನ್ನು ಬಾಗಿಲಾಚೆ ನಿಲ್ಲಿಸಿತ್ತು.

ಇಂಗ್ಲಿಷ್ ನಾಡುಗಳಲ್ಲೂ ಈ ಚರ್ಚೆ ಇದೆ. ‘ಯೂ ಗೈಸ್’ ಎನ್ನುವುದರಲ್ಲಿ ತಪ್ಪೇನಿದೆ, ಅದು ಎಲ್ಲರಿಗೂ ಸಲ್ಲುತ್ತದೆ ಎನ್ನುವವರಿದ್ದಾರೆ. ಹೆಣ್ಣನ್ನು ಗಂಡಿನ ಪದದಲ್ಲಿ ಅಡಗಿಸುವುದು ಬೇಡ, ‘ಫೋಕ್ಸ್’, ‘ಎವ್ರಿವನ್’ ಎನ್ನೋಣ ಎನ್ನುವವರೂ ಇದ್ದಾರೆ. ಹೋಟೆಲಿನ ಮಾಣಿ ವೃದ್ಧ ದಂಪತಿಗೆ ‘ಯೂ ಗೈಸ್’ ಎಂದಾಗ ಕೆಲವರು ಅದನ್ನು ಆತ್ಮೀಯತೆ ಎಂದುಕೊಳ್ಳುತ್ತಾರೆ, ಕೆಲವರು ಉದ್ಧಟತನ ಎಂದು ಮುಖ ಸಿಂಡರಿಸುತ್ತಾರೆ. ಇತ್ತ ಗೈ ಫಾಕ್ಸನ ನಗುಮುಖದ ಮುಖವಾಡ ಒಂದು ಚಿತ್ರಕಥೆಯ ಮೂಲಕ, ಆ ಬಳಿಕ 2006ರಲ್ಲಿ ತೆರೆಕಂಡ ‘ವಿ ಫಾರ್ ವೆಂಡೆಟಾ’ ಸಿನಿಮಾದ ಮೂಲಕ ಜಗತ್ತಿನ ಪ್ರತಿಭಟನೆಗಳಲ್ಲೆಲ್ಲ ಕಾಣಿಸಿಕೊಂಡಿತು. ‘ಹಾಯ್ ಗೈಸ್’ ಎನ್ನುವ ಎಷ್ಟು ಮಂದಿಗೆ ತಾವು ಆ ಮುಖವಾಡದವನ ಹೆಸರನ್ನೇ ಹೇಳುತ್ತಿದ್ದೇವೆಂದು ಗೊತ್ತು?

ಗೊತ್ತಿಲ್ಲದಿರುವುದರಿಂದ ನಷ್ಟವೂ ಇಲ್ಲ. ಪದ ಎಲ್ಲಿ ಹುಟ್ಟಿತು ಎಂಬುದೇ ಮುಖ್ಯವಾಗಿದ್ದರೆ, ನಮ್ಮ ಕರಾವಳಿಯಲ್ಲಿ ಯಾರೂ ಬಾಯಿ ತೆರೆಯುವಂತಿರಲಿಲ್ಲ. ಇಲ್ಲಿ ಬಸ್ಸಿನಲ್ಲಿ, ಮೀನು ಮಾರುಕಟ್ಟೆಯಲ್ಲಿ, ಮದುವೆ ಮನೆಯಲ್ಲಿ ಎಲ್ಲರೂ ಎಲ್ಲರಿಗೂ ‘ಮಾರಾಯ’ ಎನ್ನುತ್ತಾರೆ. ಅದು ‘ಮಹಾರಾಯ’, ಅಂದರೆ ದೊಡ್ಡ ಅರಸು! ಅರಸನ ಪದವಿ ಸಿಂಹಾಸನದಿಂದಿಳಿದು ಮೀನಿನ ಬುಟ್ಟಿಯ ಪಕ್ಕ ಕುಳಿತಿತು. ಅಲ್ಲಿ ರಾಜದ್ರೋಹಿಯ ಹೆಸರು ಬೆಂಕಿಯಿಂದೆದ್ದು ಬಂದು ಗೆಳೆಯರ ನಡುವೆ ಕುಳಿತಿತು. ಪದಕ್ಕೆ ಹುಟ್ಟಿನಿಂದ ಬಂದ ಮೇಲು ಕೀಳು ಎಂಬುದಿಲ್ಲ. ಆಡುವ ಬಾಯಿ ಅದಕ್ಕೆ ಸ್ಥಾನ ಕೊಡುತ್ತದೆ. ಮನುಷ್ಯರ ವಿಷಯದಲ್ಲೂ ಈ ಮಾತು ಸಲ್ಲುತ್ತದೆ ಎಂಬುದನ್ನು ಬೇರೆ ಹೇಳಬೇಕೇ? ನಮ್ಮವರು ‘ಮಾರಾಯ’ನ ಜೊತೆಗೆ ‘ಮಾರಾಯ್ತಿ’ಯನ್ನೂ ಇಟ್ಟುಕೊಂಡದ್ದು ಮಾತ್ರ ಮೆಚ್ಚಬೇಕಾದ ಸಂಗತಿ.

ಹಾಗಾದರೆ ಮಕ್ಕಳು ‘ಗೈಸ್’ ಎನ್ನಬಹುದೇ ಎಂದು ಹೆತ್ತವರು ನನ್ನನ್ನು ಕೇಳುತ್ತಾರೆ. ಧಾರಾಳವಾಗಿ ಎನ್ನಲಿ. ಓರಗೆಯವರ ಗುಂಪಿನಲ್ಲಿ ಅದು ಸಲುಗೆಯ ಮಾತು, ಅದರಲ್ಲಿ ಅಶ್ಲೀಲವೇನೂ ಇಲ್ಲ. ಆದರೆ ಎಲ್ಲ ಕಡೆಗೂ ಅದು ಸಲ್ಲುವುದಿಲ್ಲ ಎಂಬುದನ್ನೂ ಕಲಿಸೋಣ. ಮುಖ್ಯೋಪಾಧ್ಯಾಯರಿಗೆ ಬರೆಯುವ ಪತ್ರದಲ್ಲಿ, ಕೆಲಸದ ಸಂದರ್ಶನದಲ್ಲಿ, ಸಾವಿನ ಮನೆಯಲ್ಲಿ, ಅಜ್ಜ ಅಜ್ಜಿಯ ಮುಂದೆ ಅದು ಬೇಡ. ಎಲ್ಲರಿಗೂ ತಲುಪಲೇಬೇಕಾದ ಪ್ರಕಟಣೆಯಲ್ಲಿ ಅಂತೂ ಬೇಡವೇ ಬೇಡ. ಕನ್ನಡದಲ್ಲಿ ‘ನೀನು’, ‘ನೀವು’, ‘ಅವರು’ ಎಂಬ ಪದಗಳಿಗೆ ಗಂಡು ಹೆಣ್ಣೆಂಬ ಹಂಗಿಲ್ಲ. ‘ಎಲ್ಲರೂ ಬನ್ನಿ’ ಎಂದರೆ ಮುಗಿಯಿತು. ಅರಬಿಗೂ ಇಂಗ್ಲಿಷಿಗೂ ಇಷ್ಟು ಸುಲಭವಾಗಿ ದಕ್ಕದ ಅನುಕೂಲವಿದು. ಕೈಯಲ್ಲಿರುವುದನ್ನು ಮರೆತು ನೆರೆಮನೆಯಿಂದ ಸಾಲ ತರುವ ಅಗತ್ಯವೇನಿದೆ?

ನಮ್ಮ ಜಮಾಅತಿನ ಸಭೆಗಳಲ್ಲಿ, ಸಂಘಸಂಸ್ಥೆಗಳ ಕರಪತ್ರಗಳಲ್ಲಿ ‘ಸರ್ವರಿಗೂ ಸ್ವಾಗತ’ ಎಂದು ಅಚ್ಚಾಗಿರುತ್ತದೆ. ಆ ‘ಸರ್ವ’ರಲ್ಲಿ ತಾವು ಸೇರಿದ್ದೇವೋ ಇಲ್ಲವೋ ಎಂದು ಹೆಂಗಸರು ಗಂಡಂದಿರನ್ನು ಕೇಳಿ ತಿಳಿದುಕೊಳ್ಳಬೇಕಾದ ಸ್ಥಿತಿ ಇದೆಯೇ? ಕರೆದವನು ‘ನಾನು ಎಲ್ಲರನ್ನೂ ಕರೆದಿದ್ದೇನೆ’ ಎಂದುಕೊಂಡರೆ ಕರೆ ಪೂರ್ತಿಯಾಗುವುದಿಲ್ಲ. ಕೊನೆಯ ಸಾಲಿನಲ್ಲಿ ಕುಳಿತವರಿಗೆ ‘ಇದು ನನಗೂ ಹೇಳಿದ್ದು’ ಎಂದು ಅನಿಸಬೇಕು. ಮುಂದಿನ ಸಲ ಕರಪತ್ರ ಬರೆಯುವವರು ಅಚ್ಚಿಗೆ ಕಳುಹಿಸುವ ಮೊದಲು ಅದನ್ನೊಮ್ಮೆ ಮನೆಯ ಹೆಣ್ಣುಮಕ್ಕಳ ಕೈಗೆ ಕೊಟ್ಟು ಓದಿಸಲಿ. ‘ಇದರಲ್ಲಿ ನಾವೂ ಇದ್ದೇವಾ?’ ಎಂದು ಅವರು ಕೇಳಿದರೆ ಬೇಸರಪಡದೆ ಇನ್ನೊಂದು ಪದ ಸೇರಿಸಲಿ. ಅದಕ್ಕೆ ತಗಲುವುದು ಒಂದು ಹನಿ ಶಾಯಿ ಮಾತ್ರ.